ನೂರಕ್ಕೆ ತೊಂಬತ್ತು

ಯುಗಾದಿ ಹತ್ತಿರವಾದಂತೆ ಹಳೇ ಮೈಸೂರಿನ ಪೊಲೀಸ್ ಠಾಣೆಗಳಿಂದ ಒಂದು ಎಚ್ಚರಿಕೆ ಹೊರಡುತ್ತದೆ: ಹಬ್ಬದ ಹೆಸರಿನಲ್ಲಿ ಜೂಜಾಡಿದರೆ ಕೇಸು. ಎಚ್ಚರಿಕೆಯೂ ವಾಡಿಕೆ, ಆಟವೂ ವಾಡಿಕೆ. ನಂಜನಗೂಡಿನ ಬಳಿ ಗುಂಡ್ಲು ಹೊಳೆಯನ್ನು ಕೂಡಿಸಿಕೊಂಡು ಮುಂದೆ ಹರಿಯುವ ಕಪಿಲೆ, ತಿ. ನರಸೀಪುರದಲ್ಲಿ ಕಾವೇರಿಗೆ ಸೇರುತ್ತಾಳೆ. ಈ ಎರಡು ಊರುಗಳ ನಡುವಿನ ಬಯಲಿನಲ್ಲೂ, ಸುತ್ತಲಿನ ಮಂಡ್ಯ, ಚಾಮರಾಜನಗರದ ಕಡೆಯಲ್ಲೂ ಹಬ್ಬದ ಒಬ್ಬಟ್ಟು, ಹೊಸತೊಡಕಿನ ಬಾಡೂಟದ ಜೊತೆಗೆ ಇಸ್ಪೀಟು ಎಲೆಯೂ ಸೇರಿಕೊಂಡು ಬಹಳ ಕಾಲವಾಯಿತು. ಹೆಚ್ಚಾಗಿ ಆಡುವುದು ಅಂದರ್ ಬಾಹರ್. ಆಡುವವರನ್ನು ಕೇಳಿದರೆ ಬರುವ ಸಮಾಧಾನ ಒಂದೇ: 'ದೊಡ್ಡ ದುಡ್ಡೇನಲ್ಲ, ಹತ್ತು ಇಪ್ಪತ್ತು ರೂಪಾಯಿ ಪಣ.' ಗೋವಾಕ್ಕೆ ಹೋಗಿ ಕ್ಯಾಸಿನೊದಲ್ಲಿ ಬ್ಲ್ಯಾಕ್‌ಜಾಕ್ ಆಡಿ ಬರುವವರೂ ಕಡಿಮೆ ಪಣದ ಟೇಬಲ್ಲನ್ನೇ ಮೊದಲು ಹುಡುಕುತ್ತಾರೆ. ಪಣ ಸಣ್ಣದಾದರೆ ನಷ್ಟವೂ ಸಣ್ಣದು ಎಂಬುದು ಎರಡೂ ಕಡೆಯ ನಂಬಿಕೆ. ಈ ಅಧ್ಯಾಯದ ವಾದ ಇದಕ್ಕೆ ವಿರುದ್ಧವಾದುದು. ಕನಿಷ್ಠ ಪಣ ಎಂಬುದು ಆಟದ ಬೆಲೆಯಲ್ಲ. ಗೆದ್ದವನಿಗೆ ಎಷ್ಟು ಕೊಡುತ್ತಾರೆ ಎಂಬ ನಿಯಮದಲ್ಲಿ ಬೆಲೆ ಅಡಗಿದೆ. ಪಣ ಇಳಿದ ಕಡೆಯೇ ಆ ನಿಯಮ ಕೆಟ್ಟದಾಗಿರುವುದು ಮತ್ತೆ ಮತ್ತೆ ಕಂಡುಬರುತ್ತದೆ.

ಅಂದರ್ ಬಾಹರ್ ಹುಟ್ಟಿದ್ದು ಬೆಂಗಳೂರಿನಲ್ಲಿ ಎನ್ನುವ ಮಾತು ಪ್ರಚಲಿತವಾಗಿದೆ. ಕಟ್ಟಿ ಎಂಬ ಹೆಸರೂ ಅದಕ್ಕಿದೆ. ನಿಯಮ ಇದಕ್ಕಿಂತ ಸರಳವಾಗಿರಲು ಸಾಧ್ಯವಿಲ್ಲ. 52 ಎಲೆಗಳನ್ನು ಕಲೆಸಿ, ಒಂದನ್ನು ಮಗುಚಿ ನಡುವೆ ಇಡುತ್ತಾರೆ. ಅದು ಏಳು ಎಂದುಕೊಳ್ಳೋಣ. ಆಟಗಾರರು ಒಳಗೆ ಅಥವಾ ಹೊರಗೆ, ಎಂದರೆ ಅಂದರ್ ಅಥವಾ ಬಾಹರ್, ಎರಡರಲ್ಲಿ ಒಂದು ಕಡೆಗೆ ಹಣ ಕಟ್ಟುತ್ತಾರೆ. ಆಮೇಲೆ ಎಲೆ ಹಂಚುವವನು ಒಳಗೊಂದು ಹೊರಗೊಂದು, ಒಳಗೊಂದು ಹೊರಗೊಂದು ಎಂದು ಎಲೆ ಬಿಚ್ಚುತ್ತ ಹೋಗುತ್ತಾನೆ. ಇನ್ನೊಂದು ಏಳು ಯಾವ ಕಡೆ ಮೊದಲು ಬೀಳುತ್ತದೋ ಆ ಕಡೆಯವರು ಗೆದ್ದರು. ಆಟಗಾರನ ಬುದ್ಧಿಗೆ ಇಲ್ಲಿ ಕೆಲಸವೇ ಇಲ್ಲ. ಹಣ ಕಟ್ಟಿದ ಮೇಲೆ ಎಲೆ ಎಳೆಯುವುದು, ಬಿಡುವುದು, ಬದಲಿಸುವುದು ಯಾವುದೂ ಅವನ ಕೈಯಲ್ಲಿಲ್ಲ. ಅದಕ್ಕೇ ನೋಡಿದವರಿಗೆಲ್ಲ ಇದು ನಾಣ್ಯ ಚಿಮ್ಮಿದಂತೆ ಸಮಸಮ ಎನಿಸುತ್ತದೆ. ಲೆಕ್ಕ ಹಾಕಿದರೆ ಸಮಸಮ ಅಲ್ಲ.

ನಡುವಿನ ಏಳನ್ನು ತೆಗೆದರೆ ಕೈಯಲ್ಲಿ ಉಳಿಯುವುದು 51 ಎಲೆ. ಅದರಲ್ಲಿ ಏಳುಗಳು ಮೂರು. ಮೊದಲ ಎಲೆ ಬೀಳುವುದು ಒಳಗಡೆಗೆ ಎಂದಿಟ್ಟುಕೊಂಡರೆ, ಆ ಒಂದೇ ಎಲೆಯಲ್ಲಿ ಆಟ ಮುಗಿಯುವ ಸಂಭವ 51ರಲ್ಲಿ 3, ಅಂದರೆ 17ರಲ್ಲಿ 1. ಹೊರಗಿನವರಿಗೆ ಅವಕಾಶ ಬರುವುದು ಈ ಮೊದಲ ಎಲೆ ತಪ್ಪಿದ ಮೇಲೆ. ಮುಂದಿನ ಪ್ರತಿ ಜೋಡಿಯಲ್ಲೂ ಹೀಗೆಯೇ ಒಳಗಿನವರು ಒಂದು ಹೆಜ್ಜೆ ಮುಂದೆ. ಈ ಸಣ್ಣ ಲಾಭ ಒಟ್ಟು ಎಷ್ಟಾಗುತ್ತದೆ? ಮೂರು ಏಳುಗಳು 51 ಜಾಗಗಳಲ್ಲಿ ಕೂರಬಹುದಾದ ವಿಧಗಳು 20,825. ಅವುಗಳಲ್ಲಿ ಮೊದಲ ಏಳು ಬೆಸ ಸಂಖ್ಯೆಯ ಜಾಗದಲ್ಲಿ, ಎಂದರೆ ಒಳಗಡೆ ಬೀಳುವ ವಿಧಗಳು 10,725. ಸರಿ ಸಂಖ್ಯೆಯ ಜಾಗದಲ್ಲಿ, ಹೊರಗಡೆ ಬೀಳುವವು 10,100. ಶೇಕಡಾ ಲೆಕ್ಕದಲ್ಲಿ 51.5ಕ್ಕೆ 48.5. ಮೊದಲ ಎಲೆ ಪಡೆಯುವ ಕಡೆಗೆ ನೂರಕ್ಕೆ ಮೂರರ ಅನುಕೂಲ. ಹಲವೆಡೆ ನಡುವಿನ ಎಲೆ ಕಪ್ಪಾಗಿದ್ದರೆ ಒಳಗಿನಿಂದ, ಕೆಂಪಾಗಿದ್ದರೆ ಹೊರಗಿನಿಂದ ಹಂಚುವ ಪದ್ಧತಿಯೂ ಇದೆ. ಆಗಲೂ ಅನುಕೂಲ ಮೊದಲು ಎಲೆ ಪಡೆದ ಕಡೆಗೇ.

ಈಗ ಹಣದ ವಿಷಯಕ್ಕೆ ಬರೋಣ. ಎರಡು ಕಡೆಯವರಿಗೂ ನೂರು ಕಟ್ಟಿದರೆ ನೂರು ಕೊಡುವ ನಿಯಮವಿದ್ದು, ಯಾರೂ ಮಧ್ಯೆ ಕೈ ಹಾಕದಿದ್ದರೆ, ಯಾವಾಗಲೂ ಮೊದಲ ಎಲೆಯ ಕಡೆಗೆ ಕಟ್ಟುವವನು ಸರಾಸರಿ ನೂರಕ್ಕೆ ಮೂರು ರೂಪಾಯಿ ಲಾಭ ಮಾಡುತ್ತಾನೆ. ಜಗತ್ತಿನಲ್ಲಿ ಜೂಜು ನಡೆಸುವ ಯಾವನೂ ಇಂಥ ನಿಯಮವನ್ನು ಬಹಳ ದಿನ ಉಳಿಸಿಕೊಳ್ಳುವುದಿಲ್ಲ. ಹಾಗಾಗಿ ಕ್ಯಾಸಿನೊಗಳು ಸಾಮಾನ್ಯವಾಗಿ ಮೊದಲ ಎಲೆಯ ಕಡೆ ಗೆದ್ದವರಿಗೆ ನೂರಕ್ಕೆ ತೊಂಬತ್ತು ಕೊಡುತ್ತವೆ, ಇನ್ನೊಂದು ಕಡೆಗೆ ನೂರಕ್ಕೆ ನೂರು. ಗುಣಿಸಿ ನೋಡಿ: ನೂರು ಆಟದಲ್ಲಿ ತಲಾ ನೂರು ರೂಪಾಯಿ ಕಟ್ಟಿದರೆ ಮೊದಲ ಎಲೆಯ ಕಡೆಯವನು 51.5 ಸಲ ತೊಂಬತ್ತು ಗೆದ್ದು 48.5 ಸಲ ನೂರು ಕಳೆದುಕೊಳ್ಳುತ್ತಾನೆ. ಕೂಡಿ ಕಳೆದರೆ ಪ್ರತಿ ನೂರು ರೂಪಾಯಿಗೆ 2 ರೂಪಾಯಿ 15 ಪೈಸೆ ನಷ್ಟ. ಇನ್ನೊಂದು ಕಡೆಯವನಿಗೆ 3 ರೂಪಾಯಿ ನಷ್ಟ. ಎಲ್ಲಿ ಕಟ್ಟಿದರೂ ಆಟ ನಡೆಸುವವನಿಗೆ ಪಾಲು. ಆಟ ನಿಜಕ್ಕೂ ಸಮವಾಗಬೇಕಾದರೆ ಮೊದಲ ಎಲೆಯ ಕಡೆಗೆ ನೂರಕ್ಕೆ 94 ರೂಪಾಯಿ 17 ಪೈಸೆ ಕೊಡಬೇಕು. ತೊಂಬತ್ತನಾಲ್ಕಕ್ಕೂ ತೊಂಬತ್ತಕ್ಕೂ ನಡುವಿನ ಆ ನಾಲ್ಕು ರೂಪಾಯಿಯಲ್ಲೇ ವ್ಯಾಪಾರ ನಿಂತಿದೆ. ತೋಟದ ಮರೆಯ ಅಡ್ಡೆಯಲ್ಲಿ ಗೆದ್ದ ಹಣದಲ್ಲಿ ನೂರಕ್ಕೆ ಹತ್ತು ಕಮಿಷನ್ ಮುರಿದುಕೊಂಡರೆ ಮೊದಲ ಎಲೆಯ ಕಡೆಗೆ ಇದೇ ಫಲ. ಇನ್ನೊಂದು ಕಡೆಯಿಂದಲೂ ಹತ್ತು ಮುರಿದರೆ ಆ ಕಡೆಯ ನಷ್ಟ ನೂರಕ್ಕೆ ಏಳೂಮುಕ್ಕಾಲರ ಮೇಲೆ ಹೋಗುತ್ತದೆ. ಸಂತೆಯಲ್ಲಿ ರಸಬಾಳೆಯ ಬೆಲೆ ಕೇಳಿ ಖುಷಿಪಡುವ ಗಿರಾಕಿ ತಕ್ಕಡಿಯ ಬಟ್ಟನ್ನೂ ನೋಡಬೇಕು. ಇಲ್ಲಿ ಪಣ ಎಂಬುದು ಕೂಗುವ ಬೆಲೆ, ಗೆಲುವಿನ ದರ ಎಂಬುದು ಬಟ್ಟು.

ಬ್ಲ್ಯಾಕ್‌ಜಾಕ್‌ನ ಚರಿತ್ರೆ ಇದನ್ನು ಇನ್ನಷ್ಟು ಸ್ಪಷ್ಟವಾಗಿ ತೋರಿಸುತ್ತದೆ. ಅಲ್ಲಿ ಆಟಗಾರ ಮತ್ತು ಹಂಚುವವನು ಇಬ್ಬರೂ 21ನ್ನು ಮೀರದಂತೆ ಅದರ ಹತ್ತಿರಕ್ಕೆ ಬರಲು ನೋಡುತ್ತಾರೆ. ಇನ್ನೊಂದು ಎಲೆ ಎಳೆಯಬೇಕೆ, ಸಾಕೆನ್ನಬೇಕೆ ಎಂಬ ತೀರ್ಮಾನ ಆಟಗಾರನದು. ಅಮೆರಿಕದ ಸೇನೆಯಲ್ಲಿದ್ದ ಬಾಲ್ಡ್‌ವಿನ್, ಕ್ಯಾಂಟಿ, ಮೈಸೆಲ್, ಮೆಕ್‌ಡರ್ಮಟ್ ಎಂಬ ನಾಲ್ವರು ಮೇಜಿನ ಮೇಲಿಡುವ ಲೆಕ್ಕದ ಯಂತ್ರಗಳಲ್ಲೇ ಈ ತೀರ್ಮಾನಗಳ ಅತ್ಯುತ್ತಮ ಪಟ್ಟಿಯನ್ನು ತಯಾರಿಸಿ 1956ರಲ್ಲಿ ಸಂಖ್ಯಾಶಾಸ್ತ್ರದ ಪತ್ರಿಕೆಯಲ್ಲಿ ಪ್ರಕಟಿಸಿದರು. ಆ ಪಟ್ಟಿಯಂತೆ ಆಡಿದರೆ ನಷ್ಟ ನೂರಕ್ಕೆ ಒಂದು ರೂಪಾಯಿಗಿಂತಲೂ ಕಡಿಮೆಯಾಗುತ್ತಿತ್ತು. ಗಣಿತಜ್ಞ ಎಡ್ವರ್ಡ್ ಥಾರ್ಪ್ ಐಬಿಎಂ ಕಂಪ್ಯೂಟರಿನ ನೆರವಿನಿಂದ ಒಂದು ಹೆಜ್ಜೆ ಮುಂದೆ ಹೋದ. ಬಿದ್ದುಹೋದ ಎಲೆಗಳನ್ನು ನೆನಪಿಟ್ಟು ಪಣ ಏರಿಳಿಸಿದರೆ ಆಟಗಾರನೇ ಮೇಲಾಗಬಹುದೆಂದು ತೋರಿಸಿ 1962ರಲ್ಲಿ ಪುಸ್ತಕ ಬರೆದ. ಕ್ಯಾಸಿನೊಗಳು ಮೊದಮೊದಲು ಒಂದು ಕಟ್ಟಿನ ಬದಲು ಆರೆಂಟು ಕಟ್ಟು ಬೆರೆಸಿದವು, ಬೇಗ ಬೇಗ ಕಲೆಸಿದವು. ಆದರೆ ಅವುಗಳ ಹೆಚ್ಚು ಫಲಕಾರಿಯಾದ ಉತ್ತರ ಬಂದದ್ದು ಗೆಲುವಿನ ದರದಲ್ಲಿ.

ಮೊದಲ ಎರಡು ಎಲೆಯಲ್ಲೇ ಎಕ್ಕವೂ ಹತ್ತರ ಬೆಲೆಯ ಎಲೆಯೂ ಬಂದು 21 ಆದರೆ ಅದೇ ಬ್ಲ್ಯಾಕ್‌ಜಾಕ್. ಅದಕ್ಕೆ ಹಳೆಯ ಬಹುಮಾನ ಎರಡಕ್ಕೆ ಮೂರು: ನೂರು ಕಟ್ಟಿದರೆ ನೂರೈವತ್ತು. 2000ದ ದಶಕದ ಆರಂಭದಲ್ಲಿ ಲಾಸ್ ವೇಗಸ್‌ನ ಟೇಬಲ್ಲುಗಳಲ್ಲಿ ಐದಕ್ಕೆ ಆರು ಎಂಬ ಹೊಸ ದರ ಕಾಣಿಸಿಕೊಂಡಿತು: ನೂರಕ್ಕೆ ನೂರಿಪ್ಪತ್ತು. ಐದು, ಆರು ದೊಡ್ಡ ಸಂಖ್ಯೆಗಳಾದ್ದರಿಂದ ಅವಸರದಲ್ಲಿ ಓದಿದವರಿಗೆ ಇದೇ ಹೆಚ್ಚು ಎನಿಸಿದರೂ ಆಶ್ಚರ್ಯವಿಲ್ಲ. ಒಂದು ಕಟ್ಟಿನ ಆಟದಲ್ಲಿ ಬ್ಲ್ಯಾಕ್‌ಜಾಕ್ ಬರುವುದು ಸುಮಾರು 21 ಕೈಗೆ ಒಂದು ಸಲ. ಪ್ರತಿ ಸಲ 30 ರೂಪಾಯಿ ಕಡಿತ. 21 ಕೈಗೆ ಕಟ್ಟಿದ ಒಟ್ಟು ಹಣ 2,100 ರೂಪಾಯಿ. ಹಂಚುವವನಿಗೂ 21 ಬಂದು ಸಮವಾಗುವ ಸಂದರ್ಭಗಳನ್ನು ಬಿಟ್ಟರೆ ಈ ಕಡಿತ ನೂರಕ್ಕೆ ಸುಮಾರು 1 ರೂಪಾಯಿ 40 ಪೈಸೆಯಾಗುತ್ತದೆ. ಒಳ್ಳೆಯ ನಿಯಮದ ಟೇಬಲ್ಲಿನಲ್ಲಿ ಪಟ್ಟಿಯಂತೆ ಆಡಿದವನ ನಷ್ಟ ನೂರಕ್ಕೆ ಐವತ್ತು ಪೈಸೆಯಷ್ಟಿದ್ದರೆ ಈ ಒಂದೇ ಬದಲಾವಣೆ ಅದನ್ನು 1 ರೂಪಾಯಿ 90 ಪೈಸೆಗೆ ಏರಿಸುತ್ತದೆ, ಹತ್ತಿರ ಹತ್ತಿರ ನಾಲ್ಕು ಪಟ್ಟು. ಈ ದರ ಮೊದಲು ಬಂದು ಬೇರೂರಿದ್ದು ಕಡಿಮೆ ಪಣದ ಟೇಬಲ್ಲುಗಳಲ್ಲಿ.

ಎರಡು ಟೇಬಲ್ಲು ಪಕ್ಕಪಕ್ಕದಲ್ಲಿವೆ ಎಂದಿಟ್ಟುಕೊಳ್ಳಿ. ಒಂದರಲ್ಲಿ ಕನಿಷ್ಠ ಪಣ 500 ರೂಪಾಯಿ, ದರ ಐದಕ್ಕೆ ಆರು. ಇನ್ನೊಂದರಲ್ಲಿ ಕನಿಷ್ಠ 1,000, ದರ ಎರಡಕ್ಕೆ ಮೂರು. ಮೊದಲನೆಯದು ಅರ್ಧ ಬೆಲೆಗೆ ಸಿಕ್ಕಂತೆ ತೋರುತ್ತದೆ. ಆದರೆ ಪ್ರತಿ ಕೈಗೆ ಸರಾಸರಿ ನಷ್ಟ ಅಲ್ಲಿ ಒಂಬತ್ತೂವರೆ ರೂಪಾಯಿ, ಇನ್ನೊಂದರಲ್ಲಿ ಐದು. ಅಗ್ಗದ ಟೇಬಲ್ಲೇ ದುಬಾರಿ. ಆಟದ ನಿಜವಾದ ಬೆಲೆಗೆ ಮೂರು ಅಂಗಗಳಿವೆ: ಕಟ್ಟುವ ಹಣ, ನಡೆಸುವವನ ಪಾಲು, ಆಡುವ ಸುತ್ತುಗಳ ಸಂಖ್ಯೆ. ಮೂರನ್ನೂ ಗುಣಿಸಬೇಕು. ಅಂದರ್ ಬಾಹರ್ ಮೂರನೆಯ ಅಂಗದಲ್ಲಿ ಬಲು ಜೋರು. ಅದರ ಒಂದು ಸುತ್ತು ಸರಾಸರಿ 13 ಎಲೆಗಳಲ್ಲಿ ಮುಗಿದುಹೋಗುತ್ತದೆ. ಗಂಟೆಗೆ 40 ಸುತ್ತಿನಂತೆ ನಾಲ್ಕು ಗಂಟೆ, ಸುತ್ತಿಗೆ 50 ರೂಪಾಯಿಯಂತೆ ಆಡಿದರೆ ಕಟ್ಟಿದ ಒಟ್ಟು ಹಣ 8,000 ರೂಪಾಯಿ. ನೂರಕ್ಕೆ ತೊಂಬತ್ತರ ಕಡೆಗೇ ಕಟ್ಟಿದ್ದರೆ ಸರಾಸರಿ ನಷ್ಟ 172, ಇನ್ನೊಂದು ಕಡೆಗಾದರೆ 240. ಆಟಗಾರನ ಮನಸ್ಸಿನಲ್ಲಿ ಉಳಿಯುವುದು ಐವತ್ತರ ನೋಟು ಮಾತ್ರ. ಎಂಟು ಸಾವಿರ ಯಾರ ಕಣ್ಣಿಗೂ ಬೀಳುವುದಿಲ್ಲ, ಏಕೆಂದರೆ ಅದೇ ನೋಟುಗಳು ಹೋಗಿ ಬಂದು ಹೋಗುತ್ತಿರುತ್ತವೆ.

ಈ ಮಾತಿನ ತುತ್ತತುದಿಯ ಉದಾಹರಣೆ ಮಟ್ಕಾ. ಇದಕ್ಕಿಂತ ಕಡಿಮೆ ಪಣದ ಆಟ ಇನ್ನೊಂದಿಲ್ಲ, ಒಂದು ರೂಪಾಯಿಗೂ ಚೀಟಿ ಬರೆಯುತ್ತಾರೆ. ಕರ್ನಾಟಕದ ಮಟ್ಕಾ ಪ್ರಕರಣಗಳಲ್ಲಿ ಮತ್ತೆ ಮತ್ತೆ ಕಾಣುವ ದರ 'ರೂಪಾಯಿಗೆ ಎಂಬತ್ತು'. ಸೊನ್ನೆ ಸೊನ್ನೆಯಿಂದ ತೊಂಬತ್ತೊಂಬತ್ತರವರೆಗೆ ನೂರು ಸಂಖ್ಯೆಗಳಿವೆ, ಬರುವುದು ಒಂದು. ನೂರು ಸಂಖ್ಯೆಗೂ ತಲಾ ಒಂದು ರೂಪಾಯಿ ಕಟ್ಟಿದವನು ನೂರು ಕೊಟ್ಟು ಎಂಬತ್ತು ತರುತ್ತಾನೆ. ನಷ್ಟ ನೂರಕ್ಕೆ ಇಪ್ಪತ್ತು. ಸಾವಿರ ರೂಪಾಯಿ ಚಲಾವಣೆಯ ಮೇಲೆ ಹೋಲಿಸಿದರೆ ಒಳ್ಳೆಯ ನಿಯಮದ ಬ್ಲ್ಯಾಕ್‌ಜಾಕ್ 5 ರೂಪಾಯಿ ತಿನ್ನುತ್ತದೆ, ಕೆಟ್ಟ ನಿಯಮದ್ದು 19, ಅಂದರ್ ಬಾಹರ್ 21ರಿಂದ 30, ಮಟ್ಕಾ 200. ಒಂದು ರೂಪಾಯಿಯ ಆಟ ಸಾವಿರ ರೂಪಾಯಿಯ ಆಟಕ್ಕಿಂತ ನಲವತ್ತು ಪಟ್ಟು ದುಬಾರಿ. ಇದು ಆಕಸ್ಮಿಕವಲ್ಲ. ಸಾವಿರ ಕಟ್ಟುವವನು ದರ ನೋಡಿ ಇನ್ನೊಂದು ಟೇಬಲ್ಲಿಗೆ ಎದ್ದು ಹೋಗಬಲ್ಲ, ಆದ್ದರಿಂದ ಅವನಿಗೆ ದರದಲ್ಲಿ ರಿಯಾಯಿತಿ. ಕೂಲಿಯ ಚಿಲ್ಲರೆಯಲ್ಲಿ ಒಂದು ರೂಪಾಯಿ ಕಟ್ಟುವವನು ನೂರಕ್ಕೆ ಎಂಬತ್ತು ಏಕೆ ಎಂದು ಕೇಳುವುದಿಲ್ಲ, ಎಂಬತ್ತು ಪಟ್ಟು ಎಂಬ ಮಾತೇ ಅವನಿಗೆ ಸಾಕು. ಕರ್ನಾಟಕ ಸರ್ಕಾರ 2007ರಲ್ಲಿ ಲಾಟರಿಯನ್ನು ನಿಷೇಧಿಸಿದ್ದರ ಹಿಂದೆ ಇದ್ದುದೂ ಈ ವರ್ಗದ ಮನೆಗಳ ಪಾಡೇ.

ಈ ವಾದಕ್ಕೆ ಮೊದಲ ಆಕ್ಷೇಪ ಅನುಭವದಿಂದ ಬರುತ್ತದೆ: ನಷ್ಟ ಇಷ್ಟು ಖಚಿತವಾದರೆ ಗೆದ್ದವರು ಏಕೆ ಕಾಣುತ್ತಾರೆ? ಗಣಿತ ಗೆದ್ದವರನ್ನು ಅಲ್ಲಗಳೆಯುವುದಿಲ್ಲ, ಅವರು ಎಷ್ಟು ಮಂದಿ ಎಂದು ಎಣಿಸಿ ಹೇಳುತ್ತದೆ. ನೂರಕ್ಕೆ ತೊಂಬತ್ತರ ಕಡೆಗೆ ಒಂದೇ ಮೊತ್ತ ಕಟ್ಟುತ್ತ ನೂರು ಸುತ್ತು ಆಡಿದ ನೂರು ಜನರಲ್ಲಿ ಸುಮಾರು ನಲವತ್ತು ಮಂದಿ ಲಾಭದಲ್ಲೇ ಏಳುತ್ತಾರೆ. ಹಬ್ಬದ ಒಂದು ದಿನದ ಆಟದಲ್ಲಿ ಊರಿಗೆ ಊರೇ ಗೆದ್ದವರ ಕಥೆ ಕೇಳುವುದು ಹೀಗೆ. ಆದರೆ ಅದೇ ಜನ ಹತ್ತು ಸಾವಿರ ಸುತ್ತು ಆಡಿದರೆ ಲಾಭದಲ್ಲಿ ಉಳಿಯುವವರು ನೂರರಲ್ಲಿ ಒಬ್ಬರು. ಏರಿಳಿತ ಸುತ್ತುಗಳ ವರ್ಗಮೂಲದಂತೆ ಬೆಳೆದರೆ ನಷ್ಟ ಸುತ್ತುಗಳ ಸಂಖ್ಯೆಯಂತೆಯೇ ಬೆಳೆಯುತ್ತದೆ. ಸುತ್ತು ನೂರು ಪಟ್ಟಾದಾಗ ಏರಿಳಿತ ಹತ್ತು ಪಟ್ಟು, ನಷ್ಟ ನೂರು ಪಟ್ಟು. ಯಾಕೋಬ್ ಬರ್ನೂಲಿಯ ಗ್ರಂಥ 1713ರಲ್ಲಿ ಸಾಧಿಸಿಕೊಟ್ಟ ದೊಡ್ಡ ಸಂಖ್ಯೆಗಳ ನಿಯಮದ ತಿರುಳು ಇದು. ಆಟಗಾರ ಆಡುವುದು ಕೆಲವು ನೂರು ಸುತ್ತು, ನಡೆಸುವವನು ಎಲ್ಲರೊಡನೆ ಆಡುವುದು ಲಕ್ಷ ಸುತ್ತು. ಅದೃಷ್ಟ ಆಟಗಾರನ ಪಾಲಿಗೆ ಉಂಟು, ನಡೆಸುವವನಿಗೆ ಅದರ ಅಗತ್ಯವೇ ಇಲ್ಲ.

ಎರಡನೆಯ ಆಕ್ಷೇಪ ಜಾಣರದು. ಪಣ ಕಡಿಮೆಯಿದ್ದರೆ ಸೋತಾಗಲೆಲ್ಲ ದುಪ್ಪಟ್ಟು ಕಟ್ಟುತ್ತ ಹೋಗಬಹುದು, ಒಂದು ಸಲ ಗೆದ್ದರೆ ಎಲ್ಲ ವಾಪಸ್ಸು. ಕಡಿಮೆ ಪಣದ ಟೇಬಲ್ಲನ್ನು ಹುಡುಕುವ ಹಲವರ ಲೆಕ್ಕ ಇದೇ. ನೂರಕ್ಕೆ ತೊಂಬತ್ತರ ದರದಲ್ಲಿ ಇದನ್ನು ಹತ್ತು ರೂಪಾಯಿಯಿಂದ ಆರಂಭಿಸಿ ನೋಡೋಣ. ಹತ್ತು ಸೋತು ಇಪ್ಪತ್ತು ಕಟ್ಟಿ ಗೆದ್ದರೆ ಬರುವುದು 18, ಉಳಿಕೆ 8. ಅದೂ ಸೋತು ನಲವತ್ತರಲ್ಲಿ ಗೆದ್ದರೆ 36 ಬಂದು ಉಳಿಕೆ 6. ಎಂಬತ್ತರಲ್ಲಿ ಗೆದ್ದರೆ 72 ಬಂದು ಉಳಿಕೆ 2. ನಾಲ್ಕೂ ಸೋತು ಐದನೆಯ ಸಲ 160 ಕಟ್ಟಿ ಗೆದ್ದರೆ ಬರುವುದು 144, ಆ ವೇಳೆಗೆ ಕಳೆದದ್ದು 150. ಗೆದ್ದೂ ಆರು ರೂಪಾಯಿ ಸಾಲ! ಸಮದರದ ಕಡೆಯಲ್ಲಿ ಈ ವಿಚಿತ್ರ ಬರುವುದಿಲ್ಲ, ಆದರೆ ಅಲ್ಲಿ ಸತತ ಏಳು ಸಲ ಸೋತವನು 1,270 ರೂಪಾಯಿ ಕಳೆದುಕೊಂಡು, ಹತ್ತು ರೂಪಾಯಿ ಲಾಭಕ್ಕಾಗಿ 1,280 ಕಟ್ಟುವ ಸ್ಥಿತಿಗೆ ಬಂದಿರುತ್ತಾನೆ. ಆ ಹೊತ್ತಿಗೆ ಜೇಬು ಬರಿದಾಗಿರುತ್ತದೆ, ಇಲ್ಲವೇ ಟೇಬಲ್ಲಿನ ಗರಿಷ್ಠ ಪಣದ ಮಿತಿ ಅಡ್ಡ ಬರುತ್ತದೆ. ದುಪ್ಪಟ್ಟು ಕಟ್ಟುವ ಉಪಾಯ ನಷ್ಟವನ್ನು ಕಡಿಮೆ ಮಾಡುವುದಿಲ್ಲ. ಹಲವು ಸಣ್ಣ ಗೆಲುವುಗಳ ಹಿಂದೆ ಒಂದು ದೊಡ್ಡ ಸೋಲನ್ನು ಬಚ್ಚಿಡುತ್ತದೆ, ಅಷ್ಟೆ.

ಮೂರನೆಯ ಆಕ್ಷೇಪ: ಥಾರ್ಪ್ ಗೆದ್ದನಲ್ಲ, ಜಾಣ್ಮೆಗೆ ಬೆಲೆ ಇಲ್ಲವೆ? ಇದೆ, ಆಟದಲ್ಲಿ ತೀರ್ಮಾನಕ್ಕೆ ಜಾಗವಿದ್ದರೆ. ರಮ್ಮಿ ಮುಖ್ಯವಾಗಿ ಕೌಶಲದ ಆಟವೆಂದು ಸುಪ್ರೀಂ ಕೋರ್ಟ್ 1967ರಲ್ಲಿ ಹೇಳಿದ್ದು ಈ ಕಾರಣದಿಂದಲೇ: ಯಾವ ಎಲೆ ಇಟ್ಟುಕೊಳ್ಳಬೇಕು, ಯಾವುದನ್ನು ಎಸೆಯಬೇಕು ಎಂಬುದಕ್ಕೆ ನೆನಪೂ ಅಂದಾಜೂ ಬೇಕು. ಅಂದರ್ ಬಾಹರ್‌ನಲ್ಲಿ ಪ್ರತಿ ಸುತ್ತಿಗೂ ಎಲೆ ಹೊಸದಾಗಿ ಕಲೆಸುವುದರಿಂದ ಹಿಂದೆ ಬಿದ್ದದ್ದಕ್ಕೂ ಮುಂದೆ ಬೀಳುವುದಕ್ಕೂ ಸಂಬಂಧವಿಲ್ಲ. ಸತತ ಆರು ಸಲ ಹೊರಗೆ ಬಿದ್ದಿದೆ, ಇನ್ನು ಒಳಗೆ ಬೀಳಲೇಬೇಕು ಎಂಬ ವಾದಕ್ಕೆ ಎಲೆಗಳು ಕಿವಿಗೊಡುವುದಿಲ್ಲ. ಕಾನೂನೂ ಇದೇ ಗೆರೆಯನ್ನು ಎಳೆಯುತ್ತದೆ. ಸಾರ್ವಜನಿಕ ಜಾಗದಲ್ಲಿ ಹಣ ಕಟ್ಟಿ ಅದೃಷ್ಟದ ಆಟ ಆಡುವುದು 1963ರ ಕರ್ನಾಟಕ ಪೊಲೀಸ್ ಕಾಯ್ದೆಯಡಿ ಅಪರಾಧ. ಮೊಬೈಲಿನಲ್ಲಿ ಹಣ ಕಟ್ಟುವ ಆಟಗಳಿಗೆ ಬಂದರೆ, ಆಗಸ್ಟ್ 2025ರಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಕೌಶಲ, ಅದೃಷ್ಟ ಎಂಬ ಭೇದವನ್ನೇ ಬಿಟ್ಟು ಎಲ್ಲವನ್ನೂ ನಿಷೇಧಿಸಿತು.

ಕೊನೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದುದು. ನೆಂಟರಿಷ್ಟರು ಹಬ್ಬದ ದಿನ ಹತ್ತು ರೂಪಾಯಿ ಇಟ್ಟು ಆಡಿದರೆ ಯಾರ ಪಾಲೂ ಇಲ್ಲ, ಕಮಿಷನ್ನೂ ಇಲ್ಲ, ಅಲ್ಲೇನು ತಪ್ಪು? ಇಸ್ಪೀಟು ನಮಗೆ ಹೊರಗಿನದೂ ಅಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ತಾವೇ ಹೊಸ ಹೊಸ ಎಲೆಯಾಟಗಳನ್ನು ಕಟ್ಟಿದರು, ಶ್ರೀತತ್ತ್ವನಿಧಿಯಲ್ಲಿ ಅವಕ್ಕೊಂದು ಭಾಗವನ್ನೇ ಮೀಸಲಿಟ್ಟರು. ಲೆಕ್ಕದ ಮಟ್ಟಿಗೆ ಈ ಆಕ್ಷೇಪವನ್ನು ಒಪ್ಪಬೇಕು. ಮಧ್ಯೆ ಕೈ ಹಾಕುವವನಿಲ್ಲದೆ ಒಬ್ಬರ ನಂತರ ಒಬ್ಬರು ಎಲೆ ಹಂಚಿದರೆ ಒಬ್ಬನ ಸೋಲು ಇನ್ನೊಬ್ಬನ ಗೆಲುವು, ಹಣ ಆ ಚಾಪೆಯ ಮೇಲೆಯೇ ಸುತ್ತುತ್ತದೆ. ಆದರೆ ಸಮದ ಆಟಕ್ಕೂ ಒಂದು ಕೊಕ್ಕೆ ಇದೆ. ಸಾವಿರ ರೂಪಾಯಿ ತಂದವನೂ ಒಂಬತ್ತು ಸಾವಿರ ತಂದವನೂ ಒಬ್ಬರ ಜೇಬು ಖಾಲಿಯಾಗುವವರೆಗೆ ಆಡುತ್ತೇವೆಂದು ಕೂತರೆ, ಪೂರ್ತಿ ಸಮದ ಆಟದಲ್ಲೂ ಹತ್ತರಲ್ಲಿ ಒಂಬತ್ತು ಸಲ ಖಾಲಿಯಾಗುವುದು ಸಾವಿರ ತಂದವನದೇ. ಆಟ ಯಾರನ್ನೂ ಮೋಸಗೊಳಿಸಿರುವುದಿಲ್ಲ. ಸೋಲನ್ನು ತಾಳಿಕೊಳ್ಳುವ ಶಕ್ತಿ ಒಬ್ಬನಿಗೆ ಹೆಚ್ಚು, ಇನ್ನೊಬ್ಬನಿಗೆ ಕಡಿಮೆ, ಅದು ಸಾಕು. ನಂಜನಗೂಡಿನ ಕೈಗಾರಿಕಾ ಪ್ರದೇಶದ ಗುತ್ತಿಗೆ ಕಾರ್ಮಿಕನೊಬ್ಬ ಸಂಬಳದ ದಿನ ಜಮೀನ್ದಾರನ ಎದುರಿಗೆ ಕೂತರೆ ಫಲ ಇದಕ್ಕಿಂತ ಬೇರೆಯಾಗಲಾರದು.

ಹಾಗಾದರೆ ಕಡಿಮೆ ಪಣ, ಒಳ್ಳೆಯ ದರ ಎರಡೂ ಇರುವ ಟೇಬಲ್ಲನ್ನು ಹುಡುಕುವವರಿಗೆ ವಿಜ್ಞಾನ ಹೇಳುವುದೇನು? ಗೆದ್ದರೆ ಎಷ್ಟು ಕೊಡುತ್ತೀರಿ ಎಂಬ ಪ್ರಶ್ನೆಯನ್ನು ಪಣಕ್ಕಿಂತ ಮೊದಲು ಕೇಳಿ ಎಂದು, ಉತ್ತರ ಬಂದ ಮೇಲೆ ಗುಣಾಕಾರ ಮಾಡಿ ಎಂದು. ಮಾಡಿದವರು ಬಹುಪಾಲು ಎದ್ದು ಹೋಗುತ್ತಾರೆ. ಈ ಗುಣಾಕಾರವನ್ನು ಕಲಿಸಲು ಶಾಲೆಗಿಂತ ಒಳ್ಳೆಯ ಜಾಗವಿಲ್ಲ. ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಗಣಿತ ಶಿಕ್ಷಕರು ಸಂಭವನೀಯತೆಯ ಪಾಠದ ದಿನ, ಹಣದ ಸುದ್ದಿಯೇ ಇಲ್ಲದೆ, ಮಕ್ಕಳ ಕೈಗೆ ಇಸ್ಪೀಟು ಕಟ್ಟು ಕೊಡಲಿ. ನಲವತ್ತು ಮಕ್ಕಳು ತಲಾ ಐವತ್ತು ಸುತ್ತು ಎಲೆ ಬಿಚ್ಚಿ ಒಳಗೆಷ್ಟು ಹೊರಗೆಷ್ಟು ಎಂದು ಬರೆದರೆ ಎರಡು ಸಾವಿರ ಸುತ್ತು ಆಗುತ್ತದೆ. ಅದರಲ್ಲಿ ಸುಮಾರು 1,030 ಮೊದಲ ಎಲೆಯ ಕಡೆಗೆ ಬೀಳಬೇಕು. ಇಂಥ ಹತ್ತು ತರಗತಿಗಳಲ್ಲಿ ಒಂಬತ್ತರಲ್ಲಿ ಆ ಕಡೆಯೇ ಮುಂದಿರುತ್ತದೆ. ಆಮೇಲೆ ಅದೇ ಪಟ್ಟಿಗೆ ನೂರಕ್ಕೆ ತೊಂಬತ್ತರ ದರ ಹಾಕಿ ಕೂಡಿಸಲು ಹೇಳಲಿ. ಹೆಚ್ಚು ಸಲ ಗೆದ್ದ ಕಡೆಯೇ ಹಣ ಕಳೆದುಕೊಂಡದ್ದನ್ನು ಸ್ವಂತ ಕೈಯಿಂದ ಕೂಡಿಸಿ ನೋಡಿದ ಮಗುವಿಗೆ ಜೂಜಿನ ಬಗ್ಗೆ ಬೇರೆ ಉಪದೇಶ ಬೇಕಾಗುವುದಿಲ್ಲ.